ಅಳಿಲು ಹೋದರೆ ಮಾರ್ಲಿಸ್ ಬರುತ್ತಾಳೆ

ಬೋನು ಇಟ್ಟು ಅಳಿಲು ಹಿಡಿಯುವುದು ಯಾವ ಘನಂದಾರಿ ಕೆಲಸ? ಒಂದು ಕಡಲೆಬೀಜ, ಒಂದು ಬೋನು, ಮುಗಿಯಿತು! ಅದಕ್ಕೆ ತಲೆಯೇ ಬೇಕಾಗಿಲ್ಲ. ಬೋನಿಲ್ಲದೆ, ಬಲೆಯಿಲ್ಲದೆ, ಅಳಿಲಿನ ಮೈಮೇಲಿನ ಒಂದು ಕೂದಲೂ ಕೊಂಕದಂತೆ, ಕೇವಲ ಬುದ್ಧಿಬಲದಿಂದ ಅದನ್ನು ಅಟ್ಟದಿಂದ ಹೊರಗೆ ಕಳಿಸುವವನೇ ನಿಜವಾದ ವೀರ. ಅಂಥ ವೀರ ನಮ್ಮೂರಿನಲ್ಲಿ ಒಬ್ಬನೇ ಒಬ್ಬ. ಅವನ ಹೆಸರು ಆರ್ವಿಡ್ ಟೋಲೆಫ್‌ಸನ್. ಅಂದರೆ ನಾನು!

ಈ ಪ್ರತಿಜ್ಞೆಯನ್ನು ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ, ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ಕಪ್ಪನ್ನು ಎತ್ತಿ ಹಿಡಿದು ಮಾಡಿದೆ. ಬೇರೆ ಊರಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತೋ ಏನೋ. ನಮ್ಮ ಉತ್ತರ ಮಿನೆಸೋಟದ ಜನ ಹಾಗೆಲ್ಲ ಮೈಮೇಲೆ ಬೀಳುವವರಲ್ಲ. ಕೊಟ್ಟಿಗೆಗೆ ಬೆಂಕಿ ಬಿದ್ದರೂ ‘ಸ್ವಲ್ಪ ಬೆಚ್ಚಗಾಯ್ತು’ ಎಂದು ಸುಮ್ಮನಾಗುವ ಪೈಕಿ. ನನ್ನ ಪ್ರತಿಜ್ಞೆಗೂ ‘ಹಾಗೋ’ ಎಂದು ಹೇಳಿ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಪಕ್ಕದ ಮನೆಯ ವರ್ನರ್ ಹೌಗೆನ್ ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಾರ್ಲಿಸ್ ಯಾವಾಗ ಬರುತ್ತಾಳೆ ಎಂದು ಕೇಳಿದ.

ಅದೇ ತಾನೇ ವಿಷಯ! ಅಳಿಲಿನ ಮೇಲೆ ನನಗೇನು ಹಿಂದಿನ ಜನ್ಮದ ಹಗೆಯೇ? ಇಷ್ಟೆಲ್ಲ ಮಾರ್ಲಿಸ್‌ಗಾಗಿ. ಮಾರ್ಲಿಸ್ ನನ್ನ ಹೆಂಡತಿ. ಕೆರೆಯ ಮಂಜುಗಡ್ಡೆಯ ಮೇಲೆ ಜನ ಟ್ರಕ್ಕು ಓಡಿಸುತ್ತಿದ್ದ ಕಡುಚಳಿಯಲ್ಲಿ ದೂರದ ಡುಲೂತ್ ಪಟ್ಟಣಕ್ಕೆ ಹೋದವಳು, ಅಕ್ಕ ಆರ್ಡಿಸ್‌ಳ ಮಂಡಿಯ ಆಪರೇಷನ್‌ಗೆಂದು. ಈಗ ಏಪ್ರಿಲ್. ಮಂಜುಗಡ್ಡೆ ಕರಗಿ ಬಾತುಕೋಳಿಗಳು ತಿರುಗಿ ಬಂದಿವೆ. ಆರ್ಡಿಸ್ ಹೊಸ ಮಂಡಿಯಲ್ಲಿ ಪೋಲ್ಕಾ ಕುಣಿಯುತ್ತಿದ್ದಾಳೆಂದು ಸುದ್ದಿ. ಬಾರದವಳು ನನ್ನ ಹೆಂಡತಿ ಒಬ್ಬಳೇ.

ನಾನು ಕರೆಯಲಿಲ್ಲ ಎನ್ನಬೇಡಿ. ಕರೆದೆ! ಒಂದು ಸಂಜೆ ಫೋನಿನಲ್ಲಿ, ಎರಡೂ ಊರಿನ ಗಾಳಿ, ಮಳೆ, ಚಳಿಯ ವಿಚಾರವೆಲ್ಲ ಮುಗಿದು ಇನ್ನೇನೂ ಉಳಿಯದಿದ್ದಾಗ, ಗಂಟಲು ಸರಿಮಾಡಿಕೊಂಡು ಕೇಳಿಯೇಬಿಟ್ಟೆ.

"ಮತ್ತೆ, ಈ ಕಡೆ ಬರೋ ಯೋಚನೆ ಏನಾದ್ರೂ ಇದೆಯಾ?"

"ಅಯ್ಯೋ, ಬೇಡ ಬಿಡು ಆರ್ವಿಡ್," ಎಂದಳು. "ಅಟ್ಟದಲ್ಲಿ ಅಳಿಲು ಬೇರೆ ಸೇರ್ಕೊಂಡಿದೆ ಅಂತೀಯ. ಅದರ ಮಧ್ಯೆ ನಾನೆಲ್ಲಿ."

"ಅದೂ ಸರೀನೇ," ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಛಾವಣಿಯನ್ನೇ ನೋಡಿದೆ. ಮೇಲೆ ಆ ಅಳಿಲು ಗಡಗಡ ಓಡಾಡುತ್ತಿತ್ತು. ಆಗ ಅರ್ಥವಾಯಿತು. ನನಗೂ ನನ್ನ ಹೆಂಡತಿಗೂ ನಡುವೆ ನಿಂತಿರುವುದು ದೂರವಲ್ಲ, ರಸ್ತೆಯಲ್ಲ, ಆರ್ಡಿಸ್‌ಳ ಮಂಡಿಯಲ್ಲ. ಈ ಪೊದೆಬಾಲದ ಪ್ರಾಣಿ! ಇದು ಹೋದರೆ ಅವಳು ಬರುತ್ತಾಳೆ. ಲೆಕ್ಕ ಅಷ್ಟು ಸರಳವಾಗಿತ್ತು.

ಬೋನಿನ ಮಾತೇ ಇರಲಿಲ್ಲ. ಮಾರ್ಲಿಸ್‌ಗೆ ಬೋನು ಕಂಡರೆ ಆಗದು. ಹಿಂದೊಮ್ಮೆ ವರ್ನರ್ ತನ್ನ ತೋಟದಲ್ಲಿ ಬೋನಿಟ್ಟಾಗ, ಮನೆ ಚಪ್ಪಲಿಯಲ್ಲೇ ಹೋಗಿ ಅದರ ಬಾಗಿಲು ತೆಗೆದು, ಒಳಗಿದ್ದದ್ದಕ್ಕೆ ಎರಡು ಸಮಾಧಾನದ ಮಾತು ಹೇಳಿ ಬಂದವಳು ಅವಳು.

ಅವಳಿಲ್ಲದ ಮನೆಯ ಕಥೆ ಏನು ಹೇಳಲಿ! ಬೆಳಿಗ್ಗೆ ಎದ್ದು ಇಬ್ಬರಿಗಾಗುವಷ್ಟು ಕಾಫಿ ಮಾಡುತ್ತೇನೆ. ನನ್ನ ಪಾಲು ಕುಡಿದು, ಅವಳ ಪಾಲನ್ನು ಸಿಂಕಿಗೆ ಚೆಲ್ಲುತ್ತೇನೆ. ಒಬ್ಬನಿಗೆ ಮಾಡಿಕೊಳ್ಳಲು ಬಾರದೆ ಅಲ್ಲ, ಮನಸ್ಸು ಬರುವುದಿಲ್ಲ. ಹೋಗುವಾಗ ಅವಳು ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಅಡುಗೆಯ ತಟ್ಟೆಗಳನ್ನು ಫ್ರೀಜರಿನ ತುಂಬ ಜೋಡಿಸಿಟ್ಟಿದ್ದಳು. ಎಲ್ಲ ತಿಂದು, ಕೊನೆಯದನ್ನು ಮಾತ್ರ ತಿನ್ನದೆ ಉಳಿಸಿಕೊಂಡಿದ್ದೇನೆ. ಅದೂ ಮುಗಿದರೆ ಅವಳ ಕೈಯಡುಗೆ ಮನೆಯಲ್ಲಿ ಇಲ್ಲವೇ ಇಲ್ಲ ಎಂದಾಗುತ್ತದಲ್ಲ. ಇನ್ನು ಅವಳ ಗೊರಕೆ. ಮದುವೆಯಾದಾಗಿನಿಂದ ಅದನ್ನು ಬೈದುಕೊಂಡೇ ಮಲಗಿದವನು ನಾನು. ಈಗ ಅದಿಲ್ಲದೆ ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ. ಹಾಸಿಗೆಯಲ್ಲಿ ಅವಳ ಕಡೆ ಕೈ ಚಾಚುತ್ತೇನೆ, ದಿಂಬು ತಣ್ಣಗಿರುತ್ತದೆ.

ಮೊದಲ ಅಸ್ತ್ರ, ರೇಡಿಯೋ! ಅಳಿಲಿಗೆ ಮನುಷ್ಯರ ಮಾತು ಕೇಳಿದರೆ ದಿಗಿಲು, ಇಡೀ ದಿನ ಮಾತು ಕೇಳಿಸುತ್ತಿದ್ದರೆ ಗಂಟುಮೂಟೆ ಕಟ್ಟುತ್ತದೆ ಎಂದು ಹಾರ್ಡ್‌ವೇರ್ ಅಂಗಡಿಯವನು ಹೇಳಿದ್ದ. ಹಳೆಯ ರೇಡಿಯೋವನ್ನು ಅಟ್ಟದ ಬಾಗಿಲ ಹತ್ತಿರ ಇಟ್ಟು, ರೈತರ ಕಾರ್ಯಕ್ರಮಕ್ಕೆ ತಿರುಗಿಸಿ, ಕಿವಿ ಕಿತ್ತುಹೋಗುವಷ್ಟು ಜೋರು ಮಾಡಿದೆ. ಬೆಳಗಿನಿಂದ ಸಂಜೆಯವರೆಗೆ ಸೋಯಾಬೀನಿನ ಧಾರಣೆ, ಹಂದಿಯ ಧಾರಣೆ, ಹಂದಿಗೆ ಬರುವ ರೋಗ. ಅಳಿಲು ಮೊದಲ ದಿನ ಬೆಚ್ಚಿತು, ಆಮೇಲೆ ಒಗ್ಗಿಕೊಂಡಿತು. ಸೋತವನು ನಾನು. ಬಿತ್ತನೆ ತಡವಾಗುತ್ತದೆ ಎಂದು ರೇಡಿಯೋ ಹೇಳಿದರೆ ‘ಹೌದಪ್ಪ’ ಎಂದು ಕೆಳಗಿನಿಂದ ಉತ್ತರ ಕೊಡಲು ಶುರು ಮಾಡಿದೆ. ಮನೆಯಲ್ಲಿ ಇನ್ನೊಂದು ಧ್ವನಿ ಇದೆಯಲ್ಲ ಎಂದು ಒಳಗೊಳಗೇ ಹಿತವೂ ಆಗುತ್ತಿತ್ತು. ಫೋನಿನಲ್ಲಿ ಆ ಗದ್ದಲ ಕೇಳಿ ಯಾರು ಬಂದಿದ್ದಾರೆ ಎಂದು ಮಾರ್ಲಿಸ್ ವಿಚಾರಿಸಿದಳು. ವಿಷಯ ತಿಳಿದ ಮೇಲೆ, ಪಾಪ, ಮಧ್ಯೆ ಮಧ್ಯೆ ಸಂಗೀತವನ್ನಾದರೂ ಹಾಕು ಎಂದಳು.

ಎರಡನೆಯದು ಬ್ರಹ್ಮಾಸ್ತ್ರ. ನರಿಯ ಉಚ್ಚೆ! ನಗಬೇಡಿ, ಇದನ್ನು ನಮ್ಮ ಕಡೆ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ನರಿಯಿಂದ ಅದನ್ನು ಯಾರು, ಹೇಗೆ, ಯಾವ ಪುಣ್ಯಕ್ಕೆ ಹಿಡಿದು ತರುತ್ತಾರೋ ನಾನು ಕೇಳಲಿಲ್ಲ. ಹಳೇ ಬಟ್ಟೆಗೆ ನಾಲ್ಕು ತೊಟ್ಟು ಹಾಕಿ ಅಟ್ಟದಲ್ಲಿಟ್ಟರೆ ಸಾಕು, ನರಿ ಬಂತೆಂದು ಅಳಿಲು ಓಟ ಕೀಳುತ್ತದಂತೆ. ಏಣಿಯ ಮೇಲೆ ನಿಂತು ಮುಚ್ಚಳ ತಿರುಗಿಸಿದೆ, ತಿರುಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ತಿರುಗಿಸಿದೆ. ತಿರುಗಿತು! ನಾಲ್ಕು ತೊಟ್ಟು ಅಟ್ಟಕ್ಕೆ ಹೋಯಿತು, ಉಳಿದದ್ದೆಲ್ಲ ನನ್ನ ತಲೆಯಿಂದ ಇಳಿದು ಹಜಾರದ ಕಾರ್ಪೆಟ್ ಸೇರಿತು.

ಆ ವಾಸನೆಯನ್ನು ವರ್ಣಿಸಿದರೆ ನೀವು ಊಟ ಬಿಡುತ್ತೀರಿ. ಮುಂದಿನ ಭಾನುವಾರ ಚರ್ಚಿನಲ್ಲಿ ನಾನು ಕೂತ ಬೆಂಚು ಮೆಲ್ಲಗೆ ಖಾಲಿಯಾಯಿತು. ಯಾರೂ ಒಂದು ಮಾತು ಆಡಲಿಲ್ಲ, ಎಲ್ಲರಿಗೂ ಒಮ್ಮೆಗೇ ಬೇರೆ ಬೆಂಚಿನಲ್ಲಿ ಯಾರನ್ನೋ ಮಾತಾಡಿಸುವುದಿತ್ತು. ಪಾದ್ರಿಗಳು ಬಾಗಿಲಲ್ಲಿ ನನ್ನ ಕೈ ಕುಲುಕಿ, ಇವತ್ತು ಗಾಳಿ ಚೆನ್ನಾಗಿ ಬೀಸುತ್ತಿದೆ ಎಂದು ದೇವರಿಗೆ ಕೃತಜ್ಞತೆ ಹೇಳಿದರು. ಅಳಿಲು ಮಾತ್ರ ಅಟ್ಟದಲ್ಲಿ ನೆಮ್ಮದಿಯಾಗಿತ್ತು. ಈ ಮನೆಯಲ್ಲಿ ನರಿಯೊಂದು ವಾಸವಾಗಿದೆ, ಅದು ಮುದಿ ನರಿ, ಏಣಿ ಹತ್ತಲೂ ಬಾರದ ನರಿ ಎಂದು ಅದಕ್ಕೆ ಮನವರಿಕೆಯಾಗಿರಬೇಕು.

ಇದನ್ನೂ ಮಾರ್ಲಿಸ್‌ಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ. ರಿಸೀವರನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ, ಆ ಅಳಿಲು ಇಲ್ಲದಿದ್ದರೆ ನಮ್ಮಿಬ್ಬರ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೆ ಮಾತೇ ಇರುತ್ತಿರಲಿಲ್ಲ. ದಿನಾ ಸಂಜೆ ಅವಳು ಮೊದಲು ಕೇಳುತ್ತಿದ್ದದ್ದೇ ಅಳಿಲಿನ ಕ್ಷೇಮ. ಈ ಅಳಿಲು ನಾಳೆ ಹೋಗಿ, ಅವಳೂ ಬಾರದೆ ಹೋದರೆ ಏನು ಮಾತಾಡುವುದು ಎಂದು ಒಂದು ಕ್ಷಣ ಹೆದರಿಕೆಯಾಯಿತು. ಆ ಹೆದರಿಕೆಯನ್ನು ಕೊಡವಿಕೊಂಡೆ.

ಕೊನೆಯ ಅಸ್ತ್ರ, ಒಮ್ಮುಖ ಬಾಗಿಲು! ತಗಡಿನ ಪುಟ್ಟ ಬಾಗಿಲು ಅದು. ಸೂರಿನ ಕೆಳಗೆ ಅಳಿಲು ನುಗ್ಗುವ ತೂತಿಗೆ ಅದನ್ನು ಹೊಡೆದುಬಿಟ್ಟರೆ ಒಳಗಿನಿಂದ ತಳ್ಳಿಕೊಂಡು ಹೊರಗೆ ಹೋಗಬಹುದು, ಹೊರಗಿನಿಂದ ಒಳಗೆ ಬರಲಾಗದು. ಹಿಂಸೆಯಿಲ್ಲ, ಹಿಡಿಯುವುದಿಲ್ಲ. ವರ್ನರ್ ಏಣಿ ಹಿಡಿದುಕೊಂಡ, ನಾನು ಮೊಳೆ ಹೊಡೆದೆ. ಮರುದಿನ ಬೆಳಿಗ್ಗೆ ಬಾಗಿಲು ಟಪ್ಪೆಂದಿತು. ಅಳಿಲು ಹೊರಗೆ! ಬೆಕ್ಕಿನ ಮರಿಯಷ್ಟು ದಪ್ಪದ ಬೂದು ಅಳಿಲು ಮೇಪಲ್ ಮರಕ್ಕೆ ಹಾರಿದ್ದನ್ನು ಕಣ್ಣಾರೆ ಕಂಡೆ. ಅಂಗಳದಲ್ಲಿ ಒಬ್ಬನೇ ನಿಂತು ಟೋಪಿ ತೆಗೆದು ಬೀಸಿದೆ. ಗೆದ್ದೆ ಮಾರ್ಲಿಸ್, ಗೆದ್ದೆ!

ಸ್ವಲ್ಪ ಹೊತ್ತಿಗೆ ಆ ಅಳಿಲು ತಿರುಗಿ ಬಂತು. ಬಾಗಿಲನ್ನು ಕೆರೆಯಿತು, ಕಚ್ಚಿತು. ಆಗದಿದ್ದಾಗ ಛಾವಣಿಗೆ ಹೊದಿಸಿದ್ದ ಡಾಂಬರು ಹಾಳೆಯನ್ನು ಹಲ್ಲಿನಿಂದ ಕಿತ್ತು ಕಿತ್ತು ಅಂಗಳಕ್ಕೆ ಎಸೆಯತೊಡಗಿತು. ಅಡುಗೆಮನೆಯ ಕಿಟಕಿಗೆ ಇಳಿದು ಬಂದು, ಗಾಜಿಗೆ ಎರಡೂ ಕೈ ಒತ್ತಿ, ನನ್ನ ಮುಖ ನೋಡಿ ಕಿರುಚಿತು. ಇದೆಂಥ ಹಟಮಾರಿ ಎಂದುಕೊಳ್ಳುವಷ್ಟರಲ್ಲಿ ಅಟ್ಟದಿಂದ ಇನ್ನೊಂದು ಸದ್ದು. ಸಣ್ಣದು, ಎಳೆಯದು, ಹಕ್ಕಿಮರಿಯ ಹಾಗೆ ಚಿಂಯ್ ಚಿಂಯ್ ಎನ್ನುವುದು.

ಏಪ್ರಿಲ್ ತಿಂಗಳು, ಅಳಿಲು ಮರಿ ಹಾಕುವ ಕಾಲ! ಅದು ಹಟವಲ್ಲ. ಅದು ತಾಯಿ. ಮರಿಗಳನ್ನು ಒಳಗಿಟ್ಟುಕೊಂಡು ತಾಯಿಯನ್ನು ಹೊರಗೆ ಹಾಕಿದ್ದೆ. ಬೋನಿಲ್ಲದ, ಹಿಂಸೆಯಿಲ್ಲದ ವೀರ ನಾನು!

ವರ್ನರನನ್ನು ಕೂಗಿ ಕರೆದೆ. ಮತ್ತೆ ಏಣಿ ಹತ್ತಿ ಆ ಬಾಗಿಲನ್ನು ಮೊಳೆ ಸಮೇತ ಕಿತ್ತೆಸೆದೆ. ತಾಯಿ ಚಿಮಣಿಯ ಮೇಲೆ ಕೂತು ನನ್ನ ವಂಶವನ್ನೆಲ್ಲ ಜಾಲಾಡುತ್ತಿತ್ತು, ನಾವಿರುವವರೆಗೆ ಹತ್ತಿರ ಬರಲೊಲ್ಲದು. ಮರಿಗಳು ಬದುಕಿವೆಯೋ, ಚಳಿ ಹತ್ತಿತೋ ಎಂದು ತಡೆಯಲಾರದೆ, ನಾನು ಮನೆಯೊಳಗಿಂದ ಅಟ್ಟಕ್ಕೆ ಹತ್ತಿದೆ. ವರ್ನರ್ ಕೆಳಗೆ ಉಳಿದ.

ಮೂಲೆಯಲ್ಲಿ ಗೂಡು ಕಂಡಿತು. ಒಣಗಿದ ಎಲೆ, ಹತ್ತಿ, ಅದರ ನಡುವೆ ಮೆತ್ತಗೆ ಹಾಸಿದ್ದ ಹಸಿರು ಉಣ್ಣೆ. ಮಾರ್ಲಿಸ್‌ಳ ಹಸಿರು ಸ್ವೆಟರ್! ಹಿತ್ತಲ ಜಗುಲಿಯ ಗೂಟದಲ್ಲಿ ಅದು ಕಾಣಿಸದಿದ್ದಾಗ, ಅದನ್ನೂ ತೆಗೆದುಕೊಂಡು ಹೋಗಿದ್ದಾಳೆ, ಇನ್ನು ಸದ್ಯಕ್ಕೆ ಬರುವುದಿಲ್ಲ ಎಂದು ನಾನು ಎಷ್ಟು ಕೊರಗಿದ್ದೆನೋ. ಅವಳು ಒಯ್ದಿರಲೇ ಇಲ್ಲ. ನನಗೆ ಆದ ಸಂತೋಷಕ್ಕೆ ಪಾರವಿರಲಿಲ್ಲ. ಆ ಸಂತೋಷದಲ್ಲಿ, ಅಟ್ಟದಲ್ಲಿ ನಡೆಯುವವನು, ನಡುವಿನ ತೆಳು ಹಲಗೆ ಬಿಟ್ಟು, ತೊಲೆಯ ಮೇಲೆಯೇ ಕಾಲಿಡಬೇಕು ಎಂಬುದನ್ನು ಮರೆತು ಒಂದು ಹೆಜ್ಜೆ ಮುಂದಿಟ್ಟೆ.

ಧಡಾರ್!

ನನ್ನ ಬಲಗಾಲು ತೊಡೆಯವರೆಗೆ ಮಲಗುವ ಕೋಣೆಯ ಸೀಲಿಂಗನ್ನು ಸೀಳಿ ಕೆಳಗೆ ಹೋಯಿತು. ಮೇಲಿನ ಅರ್ಧ ಅಟ್ಟದಲ್ಲಿ, ಕೆಳಗಿನ ಒಂದು ಕಾಲು ಮಾರ್ಲಿಸ್ ಮಲಗುವ ಜಾಗದ ನೇರಕ್ಕೆ ಗಾಳಿಯಲ್ಲಿ. ಚಪ್ಪಲಿ ಕಳಚಿ ಅವಳ ದಿಂಬಿನ ಮೇಲೆ ಬಿದ್ದ ಸದ್ದಾಯಿತು. ವರ್ನರ್ ಕೋಣೆಗೆ ಬಂದು ನನ್ನ ಕಾಲನ್ನು ಮಾತಾಡಿಸಿದ.

"ಆರ್ವಿಡ್, ಕೆಳಗಿಂದ ಸ್ವಲ್ಪ ತಳ್ಳಲಾ?"

"ಅಯ್ಯೋ, ಬೇಡ ಬಿಡು ಮಾರಾಯಾ. ನಿನಗೆ ಸೊಂಟನೋವು ಬೇರೆ. ನಾನಿಲ್ಲಿ ಆರಾಮಾಗಿದೀನಿ."

ಸರಿ ಹಾಗಾದರೆ ಎಂದು ಅವನು ಅಡುಗೆಮನೆಗೆ ಕಾಫಿ ಬಿಸಿಮಾಡಲು ಹೋದ.

ಮನೆ ನಿಶ್ಶಬ್ದವಾಯಿತು. ಆಗ ತಾಯಿ ತೂತಿನಿಂದ ಒಳಗೆ ಬಂತು. ನನ್ನನ್ನು ನೋಡಿತು. ಈ ಜಂತು ಸಿಕ್ಕಿಬಿದ್ದಿದೆ, ಇದರಿಂದ ಇನ್ನೇನೂ ಆಗುವುದಿಲ್ಲ ಎಂದು ಅದಕ್ಕೆ ಗೊತ್ತಾಗಿರಬೇಕು. ನೇರ ಗೂಡಿಗೆ ಹೋಗಿ, ಒಂದೊಂದೇ ಮರಿಯನ್ನು ಮೂಸಿ ನೋಡಿತು. ಆಮೇಲೆ ಒಂದನ್ನು ಹೊಟ್ಟೆಯ ಚರ್ಮ ಹಿಡಿದು ಎತ್ತಿಕೊಂಡಿತು. ಮರಿ ಅದರ ಕತ್ತಿಗೆ ಸುತ್ತಿಕೊಂಡಿತು. ನನ್ನ ಮೂಗಿನ ಮುಂದೆಯೇ ಹಾದು ಹೊರಗೆ ಹೋಗಿ, ಮೇಪಲ್ ಮರದಲ್ಲಿ ಬಿಟ್ಟು, ಇನ್ನೊಂದಕ್ಕೆ ಬಂತು. ಕೊನೆಯದನ್ನು ಒಯ್ದ ಮೇಲೂ ಮತ್ತೊಮ್ಮೆ ಬಂದು ಖಾಲಿ ಗೂಡನ್ನೆಲ್ಲ ಕೆದಕಿ ನೋಡಿತು, ಯಾರನ್ನಾದರೂ ಮರೆತೆನೇನೋ ಎಂದು. ನನಗೆ ಮಾರ್ಲಿಸ್ ಬೇಕು ಅನ್ನಿಸಿತು. ಇದನ್ನು ಅವಳು ನೋಡಬೇಕಿತ್ತು, ನನ್ನ ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು.

ವರ್ನರ್ ಕಪ್ಪು ಹಿಡಿದು ಬಂದು ಮಂಚದ ಮೇಲೆ ಕೂತ. ಈ ವರ್ಷ ಮೀನು ಚೆನ್ನಾಗಿ ಬೀಳಬಹುದು ಎಂದ. ಸ್ವಲ್ಪ ಹೊತ್ತು ಬಿಟ್ಟು, ತಳ್ಳಬೇಕೇ ಎಂದು ಮತ್ತೆ ಕೇಳಿದ. ಬೇಡಪ್ಪ, ಇಲ್ಲಿ ಧೂಳು, ನಿನ್ನ ಶರ್ಟು ಹಾಳಾಗುತ್ತದೆ ಎಂದೆ. ಅವನು ಕಾಫಿ ಹೀರಿದ. ನನ್ನ ತೊಡೆ ಎರಡು ಹೋಳಾಗುತ್ತಿತ್ತು! ಅವನ ಸೊಂಟ, ಅವನ ಶರ್ಟು, ಎರಡರ ಬಗ್ಗೆಯೂ ನನಗೆ ಸಾಸಿವೆಕಾಳಿನಷ್ಟೂ ಚಿಂತೆಯಿರಲಿಲ್ಲ. ಆದರೆ ನಮ್ಮೂರಲ್ಲಿ ಕೇಳಿದ ತಕ್ಷಣ ಹೂಂ ಎನ್ನುವವನು ಮರ್ಯಾದಸ್ಥನಲ್ಲ. ಕೇಕ್ ಬೇಕಾ ಎಂದರೆ ಬೇಡ, ಹಲ್ಲುನೋವು. ಇನ್ನೊಮ್ಮೆ ಕೇಳಿದರೆ ಬೇಡ, ಈಗ ತಾನೇ ಊಟ ಆಯಿತು. ಮೂರನೇ ಸಲ ಕೇಳಿದರೆ ಮಾತ್ರ, ನಿಮ್ಮ ಬಲವಂತಕ್ಕೆ ಎಂದು ಎರಡು ತುಂಡು ತಿನ್ನುತ್ತೇವೆ. ಹಲ್ಲುನೋವು ಬರೀ ಬಾಯಿಮಾತು, ಎಲ್ಲರಿಗೂ ಗೊತ್ತು. ಮೂರನೇ ಸಲ ಕೇಳುವುದು ಕೇಳುವವನ ಧರ್ಮ. ಕೇಳು ವರ್ನರ್, ಇನ್ನೊಂದು ಸಲ ಕೇಳಿಬಿಡು ನನ್ನಪ್ಪ ಎಂದು ಕಣ್ಣು ಮುಚ್ಚಿ ಬೇಡಿಕೊಂಡೆ.

ಬೇಡಿಕೊಳ್ಳುತ್ತಿದ್ದವನು ಅಲ್ಲೇ ಲೆಕ್ಕ ಹಾಕಿದೆ. ಮಾರ್ಲಿಸ್‌ಳನ್ನು ನಾನು ಎಷ್ಟು ಸಲ ಕರೆದಿದ್ದೆ?

ಒಂದು ಸಲ. ಅವಳು ಬೇಡ ಎಂದಳು, ಬೇಡ ಎನ್ನುವವರು ಸೇರಿಸುವ ಹಾಗೆ ಬಾಯಿಗೆ ಬಂದ ಒಂದು ನೆಪ ಸೇರಿಸಿದಳು. ನಾನು ‘ಅದೂ ಸರೀನೇ’ ಎಂದು ಫೋನ್ ಇಟ್ಟು, ಆ ನೆಪದ ಮೇಲೆ ಯುದ್ಧಕ್ಕೆ ಹೋದೆ! ವರ್ನರನ ಸೊಂಟದ ಬಗ್ಗೆ ನನಗೆ ಎಷ್ಟು ಕಾಳಜಿಯೋ, ಅಳಿಲಿನ ಬಗ್ಗೆ ಅವಳಿಗೆ ಅಷ್ಟೇ ಭಯ. ಇದೇ ಊರಲ್ಲಿ ಹುಟ್ಟಿ ಬೆಳೆದು ಮುದುಕನಾದ ನನಗೆ, ನನ್ನ ಸ್ವಂತ ಹೆಂಡತಿಯನ್ನು ಎರಡನೇ ಸಲ ಕೇಳಬೇಕೆಂದು ಹೊಳೆಯಲಿಲ್ಲ.

"ಆರ್ವಿಡ್," ಎಂದ ಕೆಳಗಿನಿಂದ ವರ್ನರ್. "ನಿಜವಾಗ್ಲೂ ತಳ್ಳೋದು ಬೇಡ್ವಾ?"

"ಹೂಂ ಕಣೋ, ತಳ್ಳು!" ಎಂದು ನಾನು ಕೂಗಿದ್ದು ಕೆರೆಯ ಆಚೆ ದಡಕ್ಕೆ ಕೇಳಿಸಿರಬೇಕು.

ಕಾಲಿಗೆ ಮುಲಾಮು ಹಚ್ಚಲೂ ನಿಲ್ಲದೆ ಕುಂಟಿಕೊಂಡು ಫೋನಿಗೆ ಹೋದೆ. ನಟ್ಟನಡು ಹಗಲು. ನಮ್ಮ ಮನೆಗಳಲ್ಲಿ ಹಗಲು ಹೊತ್ತು ದೂರದೂರಿಗೆ ಫೋನ್ ಮಾಡುವುದು ಯಾರಾದರೂ ಕಣ್ಣು ಮುಚ್ಚಿದರೆ ಮಾತ್ರ. ಎತ್ತಿದವಳು ಮಾರ್ಲಿಸ್.

"ಯಾರು ಹೋದ್ರು?" ಎಂದಳು.

"ಅಳಿಲು," ಎಂದೆ. "ಮರಿ ಇದ್ವು. ತಾಯಿನೇ ಎತ್ಕೊಂಡು ಹೋಯ್ತು."

"ಓ. ಒಳ್ಳೇದಾಯ್ತು ಬಿಡು."

ಇಲ್ಲಿ ಮೋಡ ಎಂದು ಹೇಳಲು ಬಾಯಿ ತೆರೆದೆ. ತೆರೆದ ಬಾಯಿಯಿಂದ ಬೇರೆಯದೇ ಬಂತು.

"ಮನೆಗೆ ಬಾ, ಮಾರ್ಲಿಸ್."

"ಅಯ್ಯೋ, ಬೇಡ ಬಿಡು. ಆ ನರಿ ವಾಸನೆ ಇನ್ನೂ ಹೋಗಿರಲ್ಲ."

ನಿನ್ನೆಯ ಆರ್ವಿಡ್ ಆಗಿದ್ದರೆ ಅಲ್ಲೇ ಫೋನ್ ಇಟ್ಟು ಕಾರ್ಪೆಟ್ ತೊಳೆಯಲು ಹೋಗುತ್ತಿದ್ದ. ನಾನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ವಾಸನೆ ಇದೆ. ನಿನ್ನ ಹಾಸಿಗೆ ಮೇಲಿನ ಸೀಲಿಂಗ್‌ನಲ್ಲಿ ಒಂದು ತೂತೂ ಇದೆ. ಆದ್ರೂ ಬಾ."

ತೂತು ಎಂಥದು ಎಂದು ಅವಳು ಕೇಳಲಿಲ್ಲ. ಪಾಪ, ಆರ್ಡಿಸ್ ಒಬ್ಬಳೇ ಆಗುತ್ತಾಳಲ್ಲ ಎಂದಳು. ಹಿಂದಿನಿಂದ ಆರ್ಡಿಸ್, ಒಬ್ಬಳೇ ಇರುವುದೆಂದರೆ ತನಗೆ ಪಂಚಪ್ರಾಣ ಎಂದು ಸ್ಪಷ್ಟವಾಗಿ ಹೇಳಿದ್ದು ನನಗೂ ಕೇಳಿಸಿತು.

ಮೂರನೆಯ ಸಲ. ವರ್ನರ್ ಬಾಗಿಲಲ್ಲಿ ನಿಂತು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ನೀನಿಲ್ದೆ ನನಗೆ ಆಗ್ತಿಲ್ಲ, ಮಾರ್ಲಿಸ್. ದಿನಾ ಇಬ್ಬರಿಗೆ ಕಾಫಿ ಮಾಡಿ ಚೆಲ್ತಿದೀನಿ. ಬಾ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

"ಹೂಂ," ಎಂದಳು. "ಆ ಅಳಿಲಿಗೆ ಹೋಗು, ಹೋಗು ಅಂತ ದಿನವಿಡೀ ಹೇಳ್ತಿದ್ದೆ. ನನಗೆ ಬಾ ಅಂತ ಒಂದೇ ಒಂದು ಸಲ ಹೇಳಿ ಫೋನ್ ಇಟ್ಬಿಟ್ಟೆ. ಅವತ್ತಿಂದ ಪೆಟ್ಟಿಗೆ ಕಟ್ಕೊಂಡು ಕೂತಿದೀನಿ ನಾನು."

ಬಾ ಎಂದೆ. ಈಗಲೇ ಬಾ, ಕತ್ತಲಾಗುವ ಮೊದಲು ಬಾ, ರಸ್ತೆ ಚೆನ್ನಾಗಿದೆ ಬಾ ಎಂದೆ. ಲೆಕ್ಕವಿಲ್ಲದೆ ಅಂದೆ, ನಿಲ್ಲಿಸಲು ಆಗಲೇ ಇಲ್ಲ.

"ಗೊತ್ತಾಯ್ತು ಕಣೋ," ಎಂದಳು ಮಾರ್ಲಿಸ್. "ಇನ್ನಾದ್ರೂ ಫೋನ್ ಇಡು. ನೀನು ಇಟ್ರೆ ತಾನೇ ನಾನು ಹೊರಡೋದು."